ಆಚೆ ದಡದಿಂದ ಬಂದ ಚೀಲಗಳು

ಮೇ ಹದಿನಾಲ್ಕು, ಮಧ್ಯಾಹ್ನ ಒಂದು ಗಂಟೆ ಇಪ್ಪತ್ತು ನಿಮಿಷ. ಅದು ಶುರುವಾದ ಹೊತ್ತು ಇದು. ಮುಗಿದ ಹೊತ್ತು ನನಗೆ ಗೊತ್ತಿಲ್ಲ. ಪ್ರತಿಯೊಂದಕ್ಕೂ ಹೊತ್ತು ಗುರುತು ಹಾಕುವ ನನ್ನ ದಿನಚರಿಯಲ್ಲಿ ಅಲ್ಲೊಂದು ಜಾಗ ಖಾಲಿ ಉಳಿದಿದೆ. ಗಡಿಯಾರ ನೋಡಲು ನನಗೆ ಕೈ ಬಿಡುವಿರಲಿಲ್ಲ.

ಇಂಥ ಅನುಭವಗಳನ್ನು ಯಾರಾದರೂ ಬರೆದರೆ ಓದಿ ನಗುತ್ತಿದ್ದವಳು ನಾನು. ಆಲೂರಿನ ನಮ್ಮ ಮನೆಯಲ್ಲಿ ಸಂಜೆ ಹೊತ್ತು ಚಿಕ್ಕಮ್ಮ ಏನಾದರೂ ಕತೆ ತೆಗೆದರೆ, ಹುಣಸೆಮರದ ಹತ್ತಿರ ಎತ್ತು ನಿಂತೇಬಿಟ್ಟಿತು ಎಂದೋ, ಬಾವಿಕಟ್ಟೆಯಲ್ಲಿ ಯಾರೋ ಕೂತಿದ್ದರು ಎಂದೋ, ನಾನು ನಡುವೆ ಬಾಯಿ ಹಾಕುತ್ತಿದ್ದೆ. ಅದು ಯಾವ ತಾರೀಕು? ಬೇರೆ ಯಾರು ನೋಡಿದರು? ಎತ್ತಿಗೆ ಅವತ್ತು ಹುಲ್ಲು ಹಾಕಿದ್ದರೇ? ಕೊನೆಗೆ ನಾನು ಒಳಗೆ ಬಂದರೆ ಚಿಕ್ಕಮ್ಮ, "ಲಾಯರಮ್ಮ ಬಂದ್ಲು, ಕತೆ ಮುಚ್ಚಿಡ್ರಪ್ಪ" ಅನ್ನುತ್ತಿದ್ದಳು. ಈಗ ಇದನ್ನು ಬರೆಯುವಾಗ ಆ ಪ್ರಶ್ನೆಗಳನ್ನೆಲ್ಲ ನನಗೆ ನಾನೇ ಹಾಕಿಕೊಂಡಿದ್ದೇನೆ. ಕೆಲವಕ್ಕೆ ಉತ್ತರ ಇದೆ, ಕೆಲವಕ್ಕೆ ಇಲ್ಲ. ಇದ್ದಷ್ಟನ್ನು ಇದ್ದ ಹಾಗೆ ಹೇಳುತ್ತೇನೆ.

ನಾನು ಸಿವಿಲ್ ಇಂಜಿನಿಯರ್. ಲೆಕ್ಕ ಬರೆದಿಡುವ ಚಾಳಿ ಕೆಲಸದಿಂದ ಬಂದದ್ದೇನಲ್ಲ. ಹಾಸ್ಟೆಲಿನಲ್ಲಿದ್ದಾಗ ಬೆಳಿಗ್ಗೆ ಎಷ್ಟು ಇಡ್ಲಿ ತಿಂದೆ ಎಂದೂ ಬರೆಯುತ್ತಿದ್ದೆ. ಓದು ಮುಗಿದ ಮೇಲೆ ಸಕಲೇಶಪುರದ ಸಿರಿಲ್ ಎಂಬ ಕಂಟ್ರಾಕ್ಟರ ಹತ್ತಿರ ಸೇರಿದೆ. ಅವರ ಹಿರಿಯರು ಮಂಗಳೂರು ಕಡೆಯಿಂದ ಘಟ್ಟ ಹತ್ತಿ ಬಂದವರು. ದೊಡ್ಡ ಹೊಟ್ಟೆ, ದೊಡ್ಡ ದನಿ, ಯಾರನ್ನೂ ಬೈಯದೆ ಮಾತಾಡಲಾರರು, ಯಾರಿಗೂ ಊಟ ಹಾಕದೆ ಕಳಿಸಲಾರರು. ನಾನು ಸೇರಿದ ಎರಡನೇ ವರ್ಷ ಅವರಿಗೆ ದಂಡಿನ ಸೇತುವೆಯ ಕೆಲಸ ಬಂತು.

ಆಲೂರಿನ ಗದ್ದೆ ಬಯಲು ಮುಗಿದು ಕಾಫಿ ತೋಟ ಶುರುವಾಗುವಲ್ಲಿ ಒಂದು ಹಳ್ಳ ಇದೆ. ಅದರ ಮೇಲೆ ಎರಡು ಕಮಾನಿನ ಹಳೆಯ ಕಲ್ಲು ಸೇತುವೆ. ಮೊದಲ ಮಹಾಯುದ್ಧದ ಕಾಲಕ್ಕೆ ಸುತ್ತಲ ಊರುಗಳಿಂದ ಹನ್ನೊಂದು ಜನ ಹೊರದೇಶಕ್ಕೆ ಹೋದರಂತೆ. ಬಂದೂಕು ಹಿಡಿದವರು ಯಾರೂ ಇಲ್ಲ. ಹೇಸರಗತ್ತೆ ಹೊಡೆಯಲು, ನೀರು, ಮದ್ದಿನ ಪೆಟ್ಟಿಗೆ, ಗಾಯಾಳುಗಳನ್ನು ಹೊರಲು ಹೋದವರು. ತಿರುಗಿ ಬಂದವರು ನಾಲ್ಕೇ ಜನ. ಆ ನಾಲ್ವರು ಮುಂದೆ ನಿಂತು, ಊರವರು ಕೈ ಸೇರಿಸಿ, ಆಚೆ ದಡದ ಎಸ್ಟೇಟಿನವರು ಕಲ್ಲು ಕೊಟ್ಟು ಬಾರದೇ ಹೋದವರ ನೆನಪಿಗೆ ಕಟ್ಟಿದ ಸೇತುವೆ ಇದು. ಆಚೆ ತುದಿಯ ತಡೆಗೋಡೆಯಲ್ಲಿ ಒಂದು ಕಲ್ಲಿದೆ, ಅದರ ಮೇಲೆ ಏಳು ಹೆಸರು.

ಮೂರು ವರ್ಷದ ಹಿಂದೆ ಒಂದು ನಸುಕಿನಲ್ಲಿ ನಮ್ಮ ಕಡೆ ಭೂಮಿ ನಡುಗಿತು. ಅಟ್ಟದ ಮೇಲಿನ ಪಾತ್ರೆ ಗಲಗಲ ಅಂದವು, ಜನ ರಸ್ತೆಗೆ ಬಂದರು, ಲಾರಿ ಹೋಗಿರಬೇಕು ಎಂದು ಅರ್ಧ ಜನ ಮತ್ತೆ ಮಲಗಿದರು. ಮನೆಗಳಿಗೆ ಏನೂ ಆಗಲಿಲ್ಲ. ದಂಡಿನ ಸೇತುವೆಗೆ ಮಾತ್ರ ಆಯಿತು. ಆಚೆ ಕಮಾನಿನ ನೆತ್ತಿಯಲ್ಲಿ ಬಿರುಕು ಬಿಟ್ಟು, ಎರಡು ಕಲ್ಲು ಹೆಬ್ಬೆರಳಿನಷ್ಟು ಕೆಳಗೆ ಜಾರಿದವು. ಪಕ್ಕದ ಗೋಡೆ ಬಸುರಿಯ ಹಾಗೆ ಹೊರಗೆ ಉಬ್ಬಿತು. ಬಸ್ಸು ನಿಂತಿತು. ಆಚೆ ದಡದವರು ಸುತ್ತು ಬಳಸಿ ಹೋಗುವಂತಾಯಿತು.

ಇದನ್ನು ಕೆಡವಿ ಕಾಂಕ್ರೀಟ್ ಹಾಕುವುದೇ ಸುಲಭ ಎಂದು ಮೇಲಿನವರು ಹೇಳಿದ್ದರು. ಊರವರು ಹತ್ತಾರು ಸಲ ಓಡಾಡಿದ ಮೇಲೆ ಒಬ್ಬ ಅಧಿಕಾರಿ ದುರಸ್ತಿಗೆ ಒಪ್ಪಿದರು, ಒಂದು ಷರತ್ತಿನ ಮೇಲೆ. ಕೆಲಸದ ನಡುವೆ ಕಮಾನು ಎಲ್ಲಾದರೂ ಕುಸಿದರೆ ಅಲ್ಲಿಗೆ ನಿಲ್ಲಿಸಿ ಪೂರ್ತಿ ಕೆಡವಬೇಕು. ಇನ್ನೊಂದು ಸಲ ಕೇಳಬಾರದು. ಸಿರಿಲ್ ಒಪ್ಪಿ ಬಂದರು.

ಮೊದಲ ದಿನವೇ ದ್ಯಾವಮ್ಮಜ್ಜಿಯ ಪರಿಚಯವಾಯಿತು. ಆಚೆ ದಡದಲ್ಲಿ, ಸೇತುವೆ ಇಳಿದ ಕೂಡಲೇ ರಸ್ತೆಗೆ ಮುಖ ಮಾಡಿದ ಮನೆ ಅವರದು. ಮೂರು ಎಕರೆ ಕಾಫಿ, ಸ್ವಲ್ಪ ಗದ್ದೆ, ಮಗ, ಸೊಸೆ, ಮೊಮ್ಮಕ್ಕಳು ತುಂಬಿದ ಮನೆ. ಕೊಡೆ ಊರಿಕೊಂಡು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ನೀನೇನವ್ವ ಇಂಜಿನಿಯರು? ಮದ್ವೆ ಆಗೈತಾ?"

"ಇಲ್ಲಜ್ಜಿ."

"ಒಳ್ಳೇದೇ ಆಯ್ತು ಬುಡು. ಮೊದ್ಲು ಇದನ್ನ ನಿಲ್ಸು, ಆಮೇಲೆ ಸಂಸಾರ ನಿಲ್ಸೀಯಂತೆ."

ಕಲ್ಲಿನ ಮೇಲಿನ ನಾಲ್ಕನೇ ಹೆಸರು ಅವರ ಗಂಡನ ತಾತನದು. ಯುದ್ಧಕ್ಕೆ ಹೊರಟ ವರ್ಷವೇ ಅವರು ಸತ್ತರು ಎಂದು ಕಾಗದ ಬಂತಂತೆ. ಎಲ್ಲಿ ಹೂತರು, ಹೂತರೋ ಇಲ್ಲವೋ ಅದೂ ತಿಳಿಯಲಿಲ್ಲ. ಅಂದಿನಿಂದ ಪಿತೃಪಕ್ಷದಲ್ಲಿ ಆ ಮನೆಯವರು ಎಡೆ ಇಡುವುದು ಈ ಕಲ್ಲಿನ ಮುಂದೆ. ಮುದ್ದೆ, ಕೋಳಿ ಸಾರು, ಒಂದು ಕಟ್ಟು ಬೀಡಿ.

"ಅವರಿಗೆ ಮೂರು ಹಿಡಿ ಮಣ್ಣು ಹಾಕೋ ಯೋಗ ನಮ್ಮೋರಿಗೆ ಬರ್ಲಿಲ್ಲ ಕಣವ್ವ. ಇದೇ ಅವರ ಮಣ್ಣು. ಇದನ್ನ ಕೆಡವ್ಬುಟ್ರೆ ಎಡೆ ಎಲ್ಲಿಕ್ಲಿ? ಬಸ್ ಸ್ಟಾಪಲ್ಲಾ?" ಅಂದರು. ಹೇಳುವಾಗ ನಕ್ಕರು, ಆಮೇಲೆ ಕೊಡೆಯ ತುದಿಯಿಂದ ಕಲ್ಲಿನ ಬುಡದ ತರಗೆಲೆ ಸರಿಸಿದರು. ಆ ದಿನದಿಂದ ಸೇತುವೆ ಬೀಳಬಾರದು ಎಂಬುದು ನನಗೆ ಬರಿಯ ಕೆಲಸವಾಗಿ ಉಳಿಯಲಿಲ್ಲ.

ಎರಡನೇ ವಾರ ಇನ್ನೊಂದು ಸಂಗತಿ ನಡೆಯಿತು. ಅಳತೆ ಯಂತ್ರದ ಪೆಟ್ಟಿಗೆ ಹೆಗಲ ಮೇಲಿಟ್ಟುಕೊಂಡು ಸೇತುವೆ ದಾಟುತ್ತಿದ್ದೆ. ಎದುರಿಂದ ಬಂದ ಅಪರಿಚಿತ ಒಬ್ಬ ಮಾತಿಲ್ಲದೆ ಪೆಟ್ಟಿಗೆ ತೆಗೆದುಕೊಂಡು, ಬಂದ ದಾರಿಯಲ್ಲೇ ತಿರುಗಿ, ನನ್ನ ಜೊತೆ ಆಚೆ ತುದಿಯವರೆಗೆ ನಡೆದು ಕೆಳಗಿಟ್ಟ. "ತುಂಬಾ ಥ್ಯಾಂಕ್ಸ್. ನಿಮ್ಮ ಹೆಸರೇನು?" ಎಂದು ಕೇಳಿದೆ. ಬೈಸಿಕೊಂಡವನ ಹಾಗೆ ಮುಖ ಮಾಡಿ ಸರಸರ ಹೊರಟುಹೋದ. ಜಗಲಿಯಲ್ಲಿ ಕೂತಿದ್ದ ದ್ಯಾವಮ್ಮಜ್ಜಿ ಹಣೆ ಹಣೆ ಬಡಿದುಕೊಂಡರು.

"ಎಂಥ ಕೆಲ್ಸ ಮಾಡ್ಬುಟ್ಟೆ! ಈ ಸೇತುವೆ ಮ್ಯಾಲೆ ಹೊರೆಗೆ ಕೈ ಕೊಟ್ಟೋರ ಹೆಸರು ಕೇಳ್ಬಾರ್ದು. ಉಪಕಾರ ಆಯ್ತು ಅಂತಾನೂ ಅನ್ಬಾರ್ದು. ಸುಮ್ಕೆ ಇಸ್ಕೊಬೇಕು, ಸುಮ್ಕೆ ಹೋಗ್ಬೇಕು."

"ಯಾಕಜ್ಜಿ?"

"ಅಲ್ಲೆಲ್ಲೋ ದೂರ ದೇಸದಲ್ಲಿ ನಮ್ಮೋರು ಸೋತು ಬಿದ್ದಾಗ ಯಾವ ಪುಣ್ಯಾತ್ಮರು ಕೈ ಕೊಟ್ರೋ, ಅವರ ಹೆಸರು ನಮಗೆ ಗೊತ್ತೈತಾ? ಅದಕ್ಕೇ."

ಇಲ್ಲಿ ಹೊರೆ ಹೊತ್ತವರನ್ನು ಯಾರೂ ಒಂಟಿಯಾಗಿ ದಾಟಲು ಬಿಡುವುದಿಲ್ಲ. ಎದುರಾದವರು ಯಾರೇ ಆಗಲಿ ತಿರುಗಿ ಬಂದು ಹೊರುತ್ತಾರೆ. ಇದನ್ನು ಕೇಳಿ ಸಿರಿಲ್, "ಹಾಗಾದ್ರೆ ನನ್ನ ಹೊಟ್ಟೆ ಯಾರಾದ್ರೂ ಹೊರ್ತಾರಾ ಕೇಳಿ ಮಾರಾಯ್ತಿ" ಅಂದರು. ನಮ್ಮ ಮೇಸ್ತ್ರಿ ರಾಜಣ್ಣ, "ಅದಕ್ಕೆ ಇನ್ನೊಂದು ದಂಡೇ ಬರ್ಬೇಕು ಸಾರ್" ಅಂದ.

ಮೊದಲು ಈಚೆ ಕಮಾನನ್ನು ಗಟ್ಟಿ ಮಾಡುವ ಕೆಲಸ ಏಪ್ರಿಲ್ ಕೊನೆಗೆ ಮುಗಿಯಿತು. ಆಚೆ ಕಮಾನಿಗೆ ಕೈ ಹಾಕಿದೆವು. ಇಲ್ಲಿ ಕೆಲಸದ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಕಮಾನಿನ ಕೆಳಗೆ ಅದೇ ಆಕಾರದ ಮರದ ಅಚ್ಚು ಕೂರಿಸುತ್ತೇವೆ. ಅಚ್ಚಿನ ಕಾಲುಗಳು ಹಳ್ಳದ ತಳದ ಮೇಲೆ ನಿಂತಿರುತ್ತವೆ. ಆಮೇಲೆ ಸೇತುವೆಯ ಮೇಲಿನ ಮಣ್ಣನ್ನೆಲ್ಲ ತೆಗೆದು, ಜಾರಿದ ಕಲ್ಲುಗಳನ್ನು ಮೇಲೆತ್ತಿ, ಸಂದುಗಳಿಗೆ ಸುಣ್ಣದ ಗಾರೆ ತುಂಬಿ, ಅಡ್ಡಕ್ಕೆ ಉಕ್ಕಿನ ಸರಳು ಕೂರಿಸುತ್ತೇವೆ. ಗಾರೆ ಬಲಿಯುವ ತನಕ ಇಡೀ ಕಮಾನು ಅಚ್ಚಿನ ಮೇಲೇ ಮಲಗಿರುತ್ತದೆ. ಅಚ್ಚಿನ ಕಾಲು ಕದಲಿದರೆ ಕಮಾನು ಹೋಯಿತು.

ಹಳ್ಳದ ನೀರು ಆ ಕಾಲುಗಳ ಹತ್ತಿರ ಬಾರದ ಹಾಗೆ, ಎರಡು ಕಮಾನುಗಳ ನಡುವಿನ ನಡುಗಂಬದಿಂದ ಆಚೆ ದಡದ ತನಕ ಮರಳು ಚೀಲಗಳ ಒಡ್ಡು ಕಟ್ಟಿದ್ದೆವು. ನೀರೆಲ್ಲ, ಕೆಲಸ ಮುಗಿದಿದ್ದ ಈಚೆ ಕಮಾನಿನ ಕೆಳಗೆ ಹರಿಯುತ್ತಿತ್ತು. ತುರ್ತಿಗೆ ಇರಲಿ ಎಂದು ಈಚೆ ದಡದಲ್ಲಿ ಚೀಲಗಳ ದೊಡ್ಡ ರಾಶಿ, ಆಚೆ ದಡದ ಮೇಲೆ ಅರವತ್ತರ ಒಂದು ಸಣ್ಣ ರಾಶಿ. ಒಂದೊಂದು ಚೀಲವೂ ಮೂವತ್ತು ಕಿಲೋಗೆ ಕಡಿಮೆ ಇಲ್ಲ.

ಮೇ ಹದಿನಾಲ್ಕು ಸಂತೆಯ ದಿನ. ಅರ್ಧ ಜನ ಕೆಲಸಕ್ಕೆ ಬಂದಿರಲಿಲ್ಲ. ಸಿರಿಲ್ ಸಕಲೇಶಪುರದಲ್ಲಿದ್ದರು. ಸೈಟಿನಲ್ಲಿ ರಾಜಣ್ಣ, ನಾನು, ಎಂಟು ಜನ ಆಳುಗಳು. ನಮ್ಮ ತಲೆಯ ಮೇಲೆ ಬಿಸಿಲೇ ಇತ್ತು. ಮೇಲಿನ ಗುಡ್ಡಗಳ ಕಡೆ ಮಾತ್ರ ಕಪ್ಪಾಗಿತ್ತು. ಊಟ ಮುಗಿಸಿ ಕೈ ತೊಳೆಯಲು ಹಳ್ಳಕ್ಕಿಳಿದ ರಾಜಣ್ಣ ಅಲ್ಲೇ ನಿಂತ.

"ಮೇಡಂ, ನೀರು ಬಣ್ಣ ತಿರುಗೈತೆ."

ಒಂದೂ ಇಪ್ಪತ್ತು. ತಿಳಿಯಾಗಿದ್ದ ನೀರು ಹಾಲು ಕಮ್ಮಿ ಹಾಕಿದ ಚಹದ ಹಾಗಾಗಿತ್ತು. ನೋಡುತ್ತಾ ಇದ್ದ ಹಾಗೆ ಕಡ್ಡಿ, ಕಾಫಿ ಎಲೆ ತೇಲಿ ಬಂದವು. ಸಿರಿಲ್‌ಗೆ ಫೋನ್ ಮಾಡಿದೆ. "ಎಲ್ರೂ ಮೇಲೆ ಬನ್ನಿ! ಸೇತುವೆ ಹಾಳಾಗಿ ಹೋಗ್ಲಿ, ಜನ ಮೇಲೆ ಬನ್ನಿ!" ಎಂದು ಕೂಗಿದರು. ಅವರು ಹೇಳಿದ್ದು ಸರಿ. ನಾನು ಅದನ್ನೇ ಎಲ್ಲರಿಗೂ ಹೇಳಿದೆ. ಅಷ್ಟರಲ್ಲಿ ರಾಜಣ್ಣ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಅದರ ತುದಿಯನ್ನು ನಡುಗಂಬದ ಕಬ್ಬಿಣದ ಬಳೆಗೆ ಬಿಗಿದು ಒಡ್ಡಿನ ಮೇಲೆ ನಿಂತಾಗಿತ್ತು.

"ಮೊಳಕಾಲಿನ ಮಟ್ಟ ಕಣ್ರೀ. ಇನ್ನೆರಡು ಸುತ್ತು ಚೀಲ ಏರಿಸಿದ್ರೆ ನಿಲ್ತೈತೆ. ಹೆದ್ರೋರು ಬ್ಯಾಡ, ಬರೋರು ಬರ್ರಿ."

ಎಂಟು ಜನವೂ ಇಳಿದರು. ಈಚೆ ದಡದ ರಾಶಿಯಿಂದ ನಡುಗಂಬದ ತನಕ ಸಾಲು ನಿಂತು ಕೈಯಿಂದ ಕೈಗೆ ಚೀಲ ಸಾಗಿಸತೊಡಗಿದರು. ಇಲ್ಲಿಯ ಪದ್ಧತಿಯಂತೆ ಕೊಡುವವನು "ಬಂತು" ಅನ್ನುತ್ತಾನೆ, ತೆಗೆದುಕೊಂಡವನು "ಸಿಕ್ತು" ಅನ್ನುತ್ತಾನೆ. ಆಗ ಚೀಲ ನಡುವೆ ಬೀಳುವುದಿಲ್ಲ. ಕೊನೆಯವನು ರಾಜಣ್ಣನಿಗೆ ಕೊಡುತ್ತಿದ್ದ, ರಾಜಣ್ಣ ಜೋಡಿಸುತ್ತಿದ್ದ. ನಾನೂ ಹಗ್ಗ ಕಟ್ಟಿಕೊಂಡು ರಾಜಣ್ಣನನ್ನು ದಾಟಿ ಒಡ್ಡಿನ ಮೇಲೆ ಎರಡು ಹೆಜ್ಜೆ ಆಚೆ ಹೋಗಿ, ಚೀಲಗಳ ಸಂದಿಗೆ ಜೇಡಿಮಣ್ಣು ಮೆತ್ತುತ್ತಾ ಕೂತೆ. ನನ್ನ ಬಲಕ್ಕೆ ರಾಜಣ್ಣ, ಅವನಾಚೆ ಸಾಲು. ನನ್ನ ಎಡಕ್ಕೆ ಖಾಲಿ ಒಡ್ಡು, ಅದರ ತುದಿಯಲ್ಲಿ ಆಚೆ ದಡ. ಇದನ್ನು ಸರಿಯಾಗಿ ಗಮನಿಸಬೇಕು: ಆ ಕಡೆಗೆ ನಾನೇ ಕೊನೆಯವಳು.

ಆಮೇಲೆ ಮಳೆ ನಮ್ಮ ಮೇಲೂ ಬಂತು. ಗುಡುಗಿಲ್ಲ, ಗಾಳಿಯಿಲ್ಲ, ಹಾಗೇ ಸುರಿಯಿತು. ರಾಜಣ್ಣನ ಬೆನ್ನೂ ಸರಿಯಾಗಿ ಕಾಣದಾಯಿತು. ಈಚೆ ಕಮಾನಿನ ಕಡೆ ನೀರು ತೊಡೆಯ ಮಟ್ಟ ಬಂದು, ಸಾಲಿನಲ್ಲಿದ್ದ ಇಬ್ಬರು ಜಾರಿದರು. ಅವರನ್ನು ಹಿಡಿದು ಎಳೆದುಕೊಳ್ಳುವುದರಲ್ಲಿ ಸಾಲು ಮುರಿಯಿತು. ಚೀಲ ಬರುವುದು ನಿಂತಿತು. "ಚೀಲ! ಚೀಲ ಕೊಡ್ರೋ!" ಎಂದು ರಾಜಣ್ಣ ಕೂಗುತ್ತಿದ್ದ. ರಾಜಣ್ಣನಿಗೂ ನನಗೂ ನಡುವೆ ಒಡ್ಡು ಇನ್ನೂ ತಗ್ಗಾಗಿತ್ತು. ಅದರ ಮೇಲಿಂದ ನೀರು ತೆಳುವಾಗಿ ಮಗುಚಿ, ಅಚ್ಚಿನ ಕಾಲುಗಳ ಕಡೆ ಹರಿಯಲು ಶುರುವಾದದ್ದನ್ನು ನಾನು ನೋಡಿದೆ. ಮುಗಿಯಿತು ಅಂದುಕೊಂಡೆ. ದ್ಯಾವಮ್ಮಜ್ಜಿಗೆ ಏನು ಹೇಳಲಿ ಎಂಬ ಯೋಚನೆ ಅಷ್ಟರಲ್ಲೇ ಬಂದುಬಿಟ್ಟಿತ್ತು.

ಆಗ ನನ್ನ ಎಡಗಡೆಯಿಂದ ಒಂದು ಚೀಲ ಬಂತು.

"ಬಂತು ಕಣವ್ವ."

ನಾನು ತೆಗೆದುಕೊಂಡೆ, ರಾಜಣ್ಣನ ಕಡೆ ಚಾಚಿದೆ. ಅವನು ತಗೊಂಡು ತಗ್ಗಿಗೆ ಹಾಕಿದ. ತಿರುಗುವಷ್ಟರಲ್ಲಿ ಇನ್ನೊಂದು. ಆಮೇಲೆ ಇನ್ನೊಂದು. ಆಚೆ ದಡದ ಎಸ್ಟೇಟಿನ ಲೈನ್ ಮನೆಗಳಲ್ಲಿರುವ ಕೂಲಿಯವರು ಓಡಿ ಬಂದಿದ್ದಾರೆ, ಆ ಕಡೆಯ ರಾಶಿಯಿಂದ ಸಾಲು ಕಟ್ಟಿದ್ದಾರೆ ಎಂದುಕೊಂಡೆ. ವಿಚಿತ್ರ ಅನ್ನಿಸಲೇ ಇಲ್ಲ. ಜೀವ ಬಂದ ಹಾಗಾಯಿತು, ಅಷ್ಟೇ.

ಕಂಡದ್ದು ಎಷ್ಟು ಎಂದು ಕೇಳಿದರೆ ಸ್ವಲ್ಪವೇ. ಮಳೆಗೆ ನಮ್ಮ ಕಡೆ ಎಲ್ಲರೂ ಹಾಕಿಕೊಳ್ಳುವ ಹಾಗೆ ಗೋಣಿಚೀಲವನ್ನು ಮಡಚಿ ತಲೆಯ ಮೇಲೆ ಕೊಪ್ಪೆ ಹಾಕಿದ್ದ ಒಬ್ಬ ಮನುಷ್ಯ. ಮುಖ ಕೊಪ್ಪೆಯ ಒಳಗೆ. ಮೊಣಕೈ ತನಕ ತೋಳು ಕಂಡಿತು, ದೊಡ್ಡ ಕೈ, ಬಲ ಮಣಿಕಟ್ಟಿನ ಮೇಲೆ ಅಡ್ಡಕ್ಕೆ ಹಳೆಯ ಗಾಯದ ಗೆರೆ. ಅವನ ಹಿಂದೆಯೂ ಯಾರೋ ಇದ್ದ ಹಾಗಿತ್ತು. ಅದನ್ನು ಆಣೆ ಮಾಡಿ ಹೇಳಲಾರೆ. ಆದರೆ ಒಂದನ್ನು ಹೇಳಬಲ್ಲೆ. ಚೀಲದ ಭಾರ ಪೂರ್ತಿ ನನ್ನ ತೋಳಿಗೆ ಬಂದು ಕೂರುವ ತನಕ ಅವನು ಒಂದು ಸಲವೂ ಕೈ ಬಿಡಲಿಲ್ಲ. ನನ್ನ ತೋಳು ಸೋಲುತ್ತಾ ಬಂದಂತೆ ಅವನು ಇನ್ನಷ್ಟು ಮುಂದಕ್ಕೆ ಬಾಗಿ, ಅರ್ಧ ದೂರ ತಾನೇ ಹೊತ್ತು ಕೊಡುತ್ತಿದ್ದ. ಜೀವಮಾನವೆಲ್ಲ ಹೊರೆ ಹೊತ್ತವರು ಮಾತ್ರ ಹಾಗೆ ಕೊಡುತ್ತಾರೆ.

ಎಲ್ಲಿಂದ ಬಂದಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದ್ಯಾವಮ್ಮಜ್ಜಿ ಹಣೆ ಬಡಿದುಕೊಂಡದ್ದು ನೆನಪಾಗಿ ನುಂಗಿಕೊಂಡೆ. ನಾವಿದ್ದದ್ದು ಸೇತುವೆಯ ಮೇಲಲ್ಲ, ಕೆಳಗೆ, ಆದರೂ ಕೇಳಲಿಲ್ಲ. ಆ ಕಟ್ಟಳೆಯನ್ನು ನಾನು ಪಾಲಿಸಿದ್ದು ಅದೊಂದೇ ಸಲ.

ಎಷ್ಟು ಹೊತ್ತು ಹೀಗೆ ನಡೆಯಿತೋ ಗೊತ್ತಿಲ್ಲ. ಕೊನೆಗೆ ಒಂದು ಚೀಲ ಕೊಟ್ಟು ಅವನು, "ಸಾಕು ಬುಡವ್ವ. ಇಳೀತೈತೆ" ಅಂದ. ನಾನು ನೀರಿನ ಕಡೆ ನೋಡಿದೆ. ಇಳಿದಂತೆ ನನಗೇನೂ ಕಾಣಲಿಲ್ಲ. ತಿರುಗಿದೆ. ಒಡ್ಡಿನ ಮೇಲೆ ಮಳೆ ಬೀಳುತ್ತಿತ್ತು. ಯಾರೂ ಇರಲಿಲ್ಲ. ದಡ ಹತ್ತಿ ಹೋದರು ಅಂದುಕೊಂಡೆ. ಸ್ವಲ್ಪ ಹೊತ್ತಾದ ಮೇಲೆ ನಡುಗಂಬದ ಮೇಲಿನ ಒದ್ದೆ ಗೆರೆಯನ್ನು ರಾಜಣ್ಣ ಬೆರಳಿಟ್ಟು ತೋರಿಸಿದ. ನೀರು ಅದಕ್ಕಿಂತ ನಾಲ್ಕು ಬೆರಳು ಕೆಳಗಿತ್ತು. ಅಚ್ಚಿನ ಒಂದು ಕಾಲೂ ಅಲುಗಿರಲಿಲ್ಲ. ಮೇಲೆ ಒಂದು ಕಲ್ಲೂ ಕದಲಿರಲಿಲ್ಲ.

ಸಿರಿಲ್ ಜೀಪಿನಲ್ಲಿ ಬಂದು ಇಳಿದಾಗ ಮೊದಲು ತಲೆ ಎಣಿಸಿದರು, ಆಮೇಲೆ ಎದೆಯ ಮೇಲೆ ಶಿಲುಬೆ ಗುರುತು ಮಾಡಿಕೊಂಡರು, ಆಮೇಲೆ ಎಲ್ಲರನ್ನೂ ಬೈದರು. ಶೆಡ್ಡಿನಲ್ಲಿ ಚಹ ಕಾಯಿಸಿದೆವು. ನಾನು, "ಆಚೆ ಕಡೆಯವರಿಗೂ ಒಂದು ಕ್ಯಾನಿನಲ್ಲಿ ಕಳಿಸೋಣ. ಅವರಿಲ್ಲದೆ ಆಗ್ತಿರಲಿಲ್ಲ" ಅಂದೆ.

"ಯಾವ ಆಚೆಯೋರು ಮೇಡಂ?" ಅಂದ ರಾಜಣ್ಣ.

"ಚೀಲ ಕೊಟ್ಟವರು."

"ಚೀಲ ಕೊಟ್ಟಿದ್ದು ನೀವಲ್ವ್ರಾ? ಈ ಕಡೆ ನಿಂತೋದ್ಮೇಲೆ ನೀವೇ ಆ ಕಡೆಯಿಂದ ಒಂದೇ ಸಮ ಕೊಟ್ರಿ. ನಾನು ಮನಸ್ಸಲ್ಲೇ ಅಂದ್ಕೊಂಡೆ, ಈವಮ್ಮ ಇಡ್ಲಿ ತಿಂದು ಬೆಳೆದೋಳಲ್ಲ, ಮುದ್ದೆ ತಿಂದು ಬೆಳೆದೋಳು ಅಂತ."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ನನ್ನ ಹಿಂದೆ ಯಾರನ್ನಾದರೂ ನೋಡಿದೆಯಾ ಎಂದು ಕೇಳಿದೆ. ಮಳೆಯಲ್ಲಿ ನಿಮ್ಮ ಕೈ ಬಿಟ್ಟರೆ ಏನೂ ಕಾಣಲಿಲ್ಲ ಅಂದ. ದನಿ? ನೀರಿನ ಸದ್ದೊಂದೇ ಅಂದ. ಉಳಿದವರು ಬಿದ್ದವರನ್ನು ಎಳೆದುಕೊಳ್ಳುತ್ತಿದ್ದರು, ಈ ಕಡೆ ನೋಡಿರಲೇ ಇಲ್ಲ.

ಮರುದಿನ ಬೆಳಿಗ್ಗೆ ಸುತ್ತುದಾರಿಯಲ್ಲಿ ಆಚೆ ದಡಕ್ಕೆ ಹೋದೆ. ರಾಶಿಯಲ್ಲಿ ನಾಲ್ಕು ಚೀಲ ಉಳಿದಿದ್ದವು. ರಾಶಿ ಇದ್ದದ್ದು ದಡದ ಮೇಲೆ, ನೀರು ಅಲ್ಲಿಗೆ ಏರಿರಲಿಲ್ಲ. ಹೆಜ್ಜೆ ಗುರುತು ಇದ್ದಿದ್ದರೂ ಮಳೆ ತೊಳೆದಿತ್ತು. ಎಸ್ಟೇಟಿಗೆ ಹೋಗಿ ಆಳುಗಳ ಲೆಕ್ಕ ಬರೆಯುವ ರೈಟರನ್ನು ಕೇಳಿದೆ. "ನಿನ್ನೆ ಸಂತೆ ಮೇಡಂ. ಬೆಳಿಗ್ಗೇನೇ ಎರಡು ಪಿಕಪ್‌ನಲ್ಲಿ ಎಲ್ಲಾ ಆಲೂರಿಗೆ ಹೋದ್ರು, ಬಂದಿದ್ದು ಕತ್ತಲಾದ ಮೇಲೆ. ಲೈನಲ್ಲಿ ಇದ್ದಿದ್ದು ಒಬ್ಬ ಬಾಣಂತಿ, ಅವರಮ್ಮ" ಅಂದರು.

ದ್ಯಾವಮ್ಮಜ್ಜಿಯ ಮನೆಯವರೂ ಸಂತೆಗೆ ಹೋಗಿದ್ದರು. ಅಜ್ಜಿ ಜಗಲಿಯಲ್ಲೇ ಕೂತಿದ್ದರಂತೆ. ಯಾರಾದರೂ ಹಳ್ಳಕ್ಕೆ ಇಳಿದರಾ ಎಂದು ಕೇಳಿದೆ.

"ಯಾರೂ ಇಳೀಲಿಲ್ಲ ಕಣವ್ವ. ಮಳೆ ಬಿದ್ಮೇಲೆ ನಾನು ಕಣ್ಣು ಮುಚ್ಕೊಂಡು ಕೂತುಬುಟ್ಟಿದ್ದೆ, ಅದೂ ನಿಜ. ಸೇತುವೆ ಬೀಳೋ ಸದ್ದು ಬತ್ತದೆ, ಬತ್ತದೆ ಅಂತ."

ನಾನು ಎಲ್ಲವನ್ನೂ ಹೇಳಿದೆ. ಅವರು ಆಶ್ಚರ್ಯಪಡಲಿಲ್ಲ, ಕೈ ಮುಗಿಯಲಿಲ್ಲ. ಸೊಸೆಯನ್ನು ಕರೆದು ನನಗೆ ರೊಟ್ಟಿ ತರಲು ಹೇಳಿದರು. "ಕೊಟ್ಟೋರು ಕೊಟ್ರು, ಇಸ್ಕೊಂಡೋಳು ಇಸ್ಕೊಂಡೆ. ಅದ್ರಲ್ಲಿ ಕೇಳೋದೇನೈತೆ? ತಿನ್ನು" ಅಂದರು.

ಕೇಳುವುದು ಬೇಕಾದಷ್ಟಿತ್ತು. ಸಿರಿಲ್ ಹೇಳುವುದು ಹೀಗೆ: "ಗಾಬರಿಯಲ್ಲಿ ಮನುಷ್ಯನಿಗೆ ಎಲ್ಲಿಂದಲೋ ಶಕ್ತಿ ಬರ್ತದೆ ಮಾರಾಯ್ತಿ. ನೀನೇ ಹೊತ್ತು ತಂದಿದ್ದೀ, ನಿನಗೆ ನೆನಪಿಲ್ಲ." ಇರಬಹುದು. ಆದರೆ ನನ್ನ ಸೊಂಟದ ಹಗ್ಗ ಆಚೆ ದಡ ಮುಟ್ಟುವಷ್ಟು ಉದ್ದ ಇರಲಿಲ್ಲ. ಅದನ್ನು ನಾನು ಬಿಚ್ಚಿದ ನೆನಪಿಲ್ಲ, ಕೊನೆಗೆ ಗಂಟು ಬಿಗಿದು ರಾಜಣ್ಣ ಅದನ್ನು ಕತ್ತಿಯಿಂದ ಕೊಯ್ಯಬೇಕಾಯಿತು. ಆಚೆ ದಡದ ರಾಶಿಯನ್ನು ಹಿಂದಿನ ದಿನ ಎಣಿಸಿದಾಗಲೇ ನಾನು ತಪ್ಪಿದ್ದೆನೇ? ಒಂದೆರಡು ತಪ್ಪಬಹುದು, ಐವತ್ತಾರು ತಪ್ಪುವುದಿಲ್ಲ. ವೈದ್ಯೆಯಾಗಿರುವ ನನ್ನ ಗೆಳತಿ, ಆಯಾಸದಲ್ಲಿ ಮನಸ್ಸು ಜೊತೆಗಾರನನ್ನು ಹುಟ್ಟಿಸಿಕೊಳ್ಳುತ್ತದೆ ಅಂದಳು. ಮನಸ್ಸು ಜೊತೆಗಾರನನ್ನು ಹುಟ್ಟಿಸಲಿ; ಚೀಲಗಳು ಒಡ್ಡಿನ ಮೇಲೆ ಇದ್ದವು. ಅವನ್ನು ನಾನೂ ರಾಜಣ್ಣನೂ ಆಮೇಲೆ ಒಂದೊಂದಾಗಿ ಇಳಿಸಿದ್ದೇವೆ.

ದೆವ್ವ, ಆತ್ಮ ಎಂಬ ಮಾತನ್ನು ನಾನು ಆಡುವುದಿಲ್ಲ. ಆ ಕೈಗಳು ಬೆಚ್ಚಗಿದ್ದವು. ಅವರು ನಮ್ಮ ಸೀಮೆಯ ಕನ್ನಡ ಮಾತಾಡಿದರು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ಗಾಡಿ ನಿಲ್ಲಿಸಿ, ಹಳ್ಳಕ್ಕಿಳಿದು, ಕೆಲಸ ಮಾಡಿ, ಆ ಊರಿನ ಕಟ್ಟಳೆಯಂತೆ ಹೆಸರು ಹೇಳದೆ ಹೋಗಿರಬಹುದು. ಹಾಗೆಯೇ ಆಗಿರಲಿ ಎಂದು ಎಷ್ಟೋ ಸಲ ಬಯಸಿದ್ದೇನೆ. ಸೇತುವೆ ಮುಚ್ಚಿದ್ದರಿಂದ ಅವತ್ತು ಆ ರಸ್ತೆ ಆಚೆ ದಡದಲ್ಲೇ ಮುಗಿಯುತ್ತಿತ್ತು, ಹಾದುಹೋಗುವವರಿಗೆ ಮುಂದೆ ದಾರಿಯಿರಲಿಲ್ಲ ಎಂಬುದೊಂದೇ ಅದಕ್ಕೆ ಅಡ್ಡ ಬರುತ್ತದೆ.

ಜೂನ್ ಮೊದಲ ವಾರ, ಮುಂಗಾರಿಗೆ ಎರಡು ದಿನ ಮುಂಚೆ, ಅಚ್ಚನ್ನು ಇಳಿಸಿದೆವು. ಕಮಾನು ಕೂದಲೆಳೆಯಷ್ಟೂ ಕುಗ್ಗಲಿಲ್ಲ. ಪಿತೃಪಕ್ಷಕ್ಕೆ ದ್ಯಾವಮ್ಮಜ್ಜಿ ನನ್ನನ್ನೂ ಕರೆದಿದ್ದರು. ಎಡೆ ಆದ ಮೇಲೆ ಜಗಲಿಯಲ್ಲಿ ಕೂರಿಸಿ ಬಡಿಸಿದರು. ಈಗ ಬಸ್ಸು ಓಡಾಡುತ್ತಿದೆ. ನಾನು ಬೇರೆ ಸೈಟುಗಳಲ್ಲಿ ಕೆಲಸ ಮಾಡುತ್ತಿದ್ದೇನೆ. ಹೆದರಿಕೆ ಅವತ್ತೂ ಆಗಲಿಲ್ಲ, ಇವತ್ತೂ ಇಲ್ಲ. ಆ ಮಧ್ಯಾಹ್ನವನ್ನು ನೆನೆದಾಗಲೆಲ್ಲ ತೋಳಿನ ಮೇಲೆ ಭಾರ ಮೆಲ್ಲಗೆ ಬಂದು ಕೂರುತ್ತದೆ, ಎದೆ ತುಂಬಿ ಬರುತ್ತದೆ.

ಇದನ್ನು ಓದುವವರಲ್ಲಿ ಆಲೂರು, ಪಾಳ್ಯ, ಕುಂದೂರು, ಸಕಲೇಶಪುರ ಕಡೆಯವರು ಬಹಳ ಜನ ಇರುತ್ತೀರಿ. ಹೋದ ವರ್ಷದ ಆ ಮೇ ಹದಿನಾಲ್ಕರ ಮಧ್ಯಾಹ್ನ ದಂಡಿನ ಸೇತುವೆಯ ಆಚೆ ದಡದಲ್ಲಿ ಇದ್ದವರು, ಇದ್ದವರನ್ನು ಬಲ್ಲವರು, ಬಲ ಮಣಿಕಟ್ಟಿನ ಮೇಲೆ ಅಡ್ಡ ಗಾಯದ ಗೆರೆಯಿರುವ ಒಬ್ಬರನ್ನು ಕಂಡವರು ದಯವಿಟ್ಟು ಪತ್ರಿಕೆಗೆ ಒಂದು ಸಾಲು ಬರೆಯಿರಿ, ನನಗೆ ತಲುಪುತ್ತದೆ. ಅವರು ಯಾರೆಂದು ಹೇಳಲು ಇಷ್ಟವಿಲ್ಲದಿದ್ದರೆ ಬೇಡ. ಅಂಥ ಮಳೆಯಲ್ಲಿ ದಡ ಹತ್ತಿ ಹೋದವರು, ಎಲ್ಲರೂ ಮನೆ ಸೇರಿದರೇ? ಅಷ್ಟು ತಿಳಿದರೆ ಸಾಕು.